ಭಯಾನಕದ ಬಣ್ಣ: ಯುದ್ಧಕ್ರೀಡೆಯ ಕಿರುಬೊಂಬೆಗಳೂ ಕನ್ನಡನಾಡಿನ ವರ್ಣಲೇಪನವೂ

೧

ಗದಗಿನ ದಕ್ಷಿಣಕ್ಕಿರುವ ಸೊರಟೂರ ಎಂಬ ಗ್ರಾಮವು ಇತಿಹಾಸದ ಅಭ್ಯಾಸಿಗಳಿಗೆ ಅಪರಿಚಿತವಾದುದಲ್ಲ. ಕ್ರಿ. ಶ. ೧೧೯೦ ರಿಂದ ೧೧೯೨ ರ ನಡುವೆ ಹೊಯ್ಸಳ ಇಮ್ಮಡಿ ಬಲ್ಲಾಳನಿಗೂ ದೇವಗಿರಿಯ ಸೇವುಣ ಐದನೆಯ ಭಿಲ್ಲಮನಿಗೂ ನಡೆದ ಸಮರದ ನಿರ್ಣಯವು ಈ ಬಯಲಿನಲ್ಲಿಯೇ ಬಹುಮಟ್ಟಿಗೆ ಆಯಿತು. ಕಲ್ಯಾಣದ ಚಾಲುಕ್ಯರ ಪ್ರಭುತ್ವವು ಅಳಿದ ಮೇಲೆ ಕುಂತಲದೇಶವು ಯಾರಿಗೆ ಸಲ್ಲಬೇಕೆಂಬ ವ್ಯಾಜ್ಯವು ಇಲ್ಲಿ ಕತ್ತಿಯಿಂದ ತೀರಿತು. ಭಿಲ್ಲಮನ ೧೧೯೧ ರ ಶಾಸನವೂ ಬಲ್ಲಾಳನ ೧೧೯೨ ರ ಶಾಸನವೂ ಒಂದೇ ಗದಗಿನಲ್ಲಿ ದೊರೆಯುವುದರಿಂದ, ಒಂದು ವರ್ಷದ ಅವಧಿಯಲ್ಲಿ ಈ ನಾಡು ಕೈ ಬದಲಿಸಿದ ಬಗೆಯು ಸ್ಪಷ್ಟವಾಗಿ ಗೊತ್ತಾಗುತ್ತದೆ. ಹೊಯ್ಸಳರ ಶಾಸನಗಳು ಸೇವುಣ ಸೈನ್ಯವನ್ನು ಎರಡು ಲಕ್ಷ ಕಾಲಾಳು, ಹನ್ನೆರಡು ಸಾವಿರ ಕುದುರೆ ಎಂದು ಎಣಿಸಿ, ಬಲ್ಲಾಳನು ಅದನ್ನು ಸೊರಟೂರಿನಿಂದ ಕೃಷ್ಣವೇಣಿಯ ದಡದವರೆಗೆ ಅಟ್ಟಿದನೆಂದು ಹೊಗಳುತ್ತವೆ.

ಈ ಪ್ರಸಿದ್ಧವಾದ ಸಂಗತಿಯನ್ನು ಇಲ್ಲಿ ಮತ್ತೆ ಎತ್ತಿದುದಕ್ಕೆ ಕಾರಣವು ಸ್ವಲ್ಪ ವಿಲಕ್ಷಣವಾದುದು. ಕಳೆದ ನೂರು ವರ್ಷಗಳಿಂದ ಪಾಶ್ಚಾತ್ಯ ದೇಶಗಳಲ್ಲಿಯೂ, ಈಚೆಗೆ ಬೆಂಗಳೂರಿನಂಥ ನಮ್ಮ ನಗರಗಳಲ್ಲಿಯೂ, ಇಂಥ ಕಾಳಗಗಳನ್ನು ಮೇಜಿನ ಮೇಲೆ ಕಿರುಬೊಂಬೆಗಳಿಂದ ಆಡುವ ಒಂದು ಕ್ರೀಡೆಯು ಬೆಳೆದಿದೆ. ಇದರಲ್ಲಿ ಪಾಲುಗೊಳ್ಳುವವರು ಆಟಕ್ಕಿಂತ ಹೆಚ್ಚಿನ ಹೊತ್ತನ್ನು ಬೊಂಬೆಗಳಿಗೆ ಬಣ್ಣ ಕೊಡುವುದರಲ್ಲಿ ಕಳೆಯುತ್ತಾರೆ. ಅದರಲ್ಲಿಯೂ ರಾಕ್ಷಸ, ಪಿಶಾಚ, ಅಸ್ಥಿಪಂಜರ ಮೊದಲಾದ ಅದ್ಭುತ ಭಯಾನಕ ರೂಪಗಳಿಗೆ ಬಣ್ಣ ಕೊಡುವುದು ಒಂದು ಪ್ರತ್ಯೇಕ ವಿದ್ಯೆಯೇ ಆಗಿದೆ. ಇದನ್ನು ಕಂಡ ನಮ್ಮವರಲ್ಲಿ ಎರಡು ಬಗೆಯ ಮಾತು ಹುಟ್ಟುವುದು ಸಹಜ. ಇದು ಪರದೇಶದ ಮಕ್ಕಳಾಟ, ವಿದ್ವಾಂಸರು ನೋಡತಕ್ಕದ್ದಲ್ಲ ಎಂಬುದೊಂದು; ಚದುರಂಗವು ನಮ್ಮದಾದುದರಿಂದ ಇದೆಲ್ಲವೂ ನಮ್ಮಲ್ಲಿಂದಲೇ ಹೋದುದು ಎಂಬುದಿನ್ನೊಂದು. ಇವೆರಡೂ ನಿಲ್ಲತಕ್ಕ ಮಾತುಗಳಲ್ಲ. ಕೈಯಗಲದ ಬೊಂಬೆಯ ಮೇಲೆ ಭಯವನ್ನು ಕಾಣಿಸಬೇಕೆಂಬ ಕೆಲಸದಲ್ಲಿಯೇ ಒಂದು ತೊಡಕಿದೆ. ಆ ತೊಡಕನ್ನು ಪಾಶ್ಚಾತ್ಯರು ನೆರಳಿನಿಂದಲೂ ನಮ್ಮ ಚಿತ್ರಗಾರರು ರೇಖೆ ಮತ್ತು ಉಬ್ಬುಗಳಿಂದಲೂ ಬಿಡಿಸಿಕೊಂಡರು. ನಮ್ಮವರದು ನ್ಯೂನತೆಯಲ್ಲ, ಬುದ್ಧಿಪೂರ್ವಕವಾದ ಆಯ್ಕೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಪಾಶ್ಚಾತ್ಯ ಕ್ರೀಡೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. ಪ್ರಷ್ಯ ದೇಶದಲ್ಲಿ ರೈಸ್‌ವಿಟ್ಜ್ ಎಂಬ ತಂದೆ ಮಕ್ಕಳು ೧೮೧೨ ರಿಂದ ೧೮೨೪ ರ ಅವಧಿಯಲ್ಲಿ ಸೈನ್ಯಾಧಿಕಾರಿಗಳ ಶಿಕ್ಷಣಕ್ಕಾಗಿ ಒಂದು ಯುದ್ಧಕ್ರೀಡೆಯನ್ನು ರೂಪಿಸಿದರು. ಮಗನು ೧೮೨೪ ರಲ್ಲಿ ಸಿದ್ಧಪಡಿಸಿದ ಕ್ರಮದಲ್ಲಿ ಬೊಂಬೆಗಳಿರಲಿಲ್ಲ. ನಕ್ಷೆಯ ಮೇಲೆ ಸರಿಸತಕ್ಕ ಚಿಕ್ಕ ತುಂಡುಗಳಿದ್ದವು, ದಾಳ ಉರುಳಿಸಿ ಫಲವನ್ನು ನಿರ್ಣಯಿಸುತ್ತಿದ್ದರು. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ ೧೯೧೩ ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿ, ಮಕ್ಕಳ ಸೀಸದ ಸಿಪಾಯಿಗಳನ್ನು ನೆಲದ ಮೇಲೆ ನಿಲ್ಲಿಸಿ ದೊಡ್ಡವರೂ ಆಡಬಹುದಾದ ನಿಯಮಗಳನ್ನು ಕೊಟ್ಟನು. ಅಲ್ಲಿಂದ ಮುಂದೆ ಬೊಂಬೆಯು ಆಟದ ಅಂಗವಾಯಿತು.

ಆ ಕಾಲದ ಬೊಂಬೆಗಳು ಇತಿಹಾಸದ ಸೈನಿಕರವು. ಯಾವ ದಳಕ್ಕೆ ಯಾವ ಅಂಗಿ, ಯಾವ ಪಟ್ಟಿ, ಯಾವ ಗುಂಡಿ ಎಂಬುದನ್ನು ಗ್ರಂಥಗಳಿಂದ ತಿಳಿದು ಬಣ್ಣ ಕೊಡುವುದೇ ಪಾಂಡಿತ್ಯವೆನಿಸಿತ್ತು. ಅಮೆರಿಕದಲ್ಲಿ ೧೯೭೧ ರಲ್ಲಿ ಗೇರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಎಂಬವರು ಬರೆದ ‘ಚೈನ್‌ಮೇಲ್’ ಎಂಬ ನಿಯಮಪುಸ್ತಕವು ಮಧ್ಯಯುಗದ ಕಾಳಗಗಳಿಗೆ ಅನುಬಂಧವಾಗಿ ಮಾಂತ್ರಿಕರು, ರಾಕ್ಷಸರು, ಘಟಸರ್ಪಗಳಿಗೂ ಸ್ಥಾನ ಕೊಟ್ಟಿತು. ೧೯೭೪ ರಲ್ಲಿ ಇದರ ಮುಂದುವರಿಕೆಯಾಗಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ನರ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಹೊರಬಿತ್ತು. ಇಂಗ್ಲೆಂಡಿನ ‘ಗೇಮ್ಸ್ ವರ್ಕ್‌ಷಾಪ್’ ಸಂಸ್ಥೆಯು ೧೯೮೩ ರಲ್ಲಿ ‘ವಾರ್‌ಹ್ಯಾಮರ್’ ಎಂಬ ಕಲ್ಪಿತ ಜಗತ್ತಿನ ಯುದ್ಧಕ್ರೀಡೆಯನ್ನೂ, ೧೯೮೭ ರಲ್ಲಿ ಅದರ ದೂರಭವಿಷ್ಯದ ರೂಪವನ್ನೂ ಪ್ರಕಟಿಸಿತು. ಮೊದಲು ಸೀಸ ತವರಗಳ ಮಿಶ್ರಲೋಹದಲ್ಲಿ ಎರೆಯುತ್ತಿದ್ದ ಬೊಂಬೆಗಳು ಮುಂದೆ ಸೀಸವಿಲ್ಲದ ಲೋಹಕ್ಕೂ, ಆಮೇಲೆ ಬಹುಮಟ್ಟಿಗೆ ಪ್ಲಾಸ್ಟಿಕ್ಕಿಗೂ ತಿರುಗಿದವು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕಲ್ಪಿತ ರಾಕ್ಷಸನಿಗೆ ಇಂಥದೇ ಬಣ್ಣವೆಂಬ ಶಾಸನವಿಲ್ಲ, ಬಣ್ಣಗಾರನು ಸ್ವತಂತ್ರನು. ಆದರೂ ಕೆಲವೇ ದಶಕಗಳಲ್ಲಿ ಆ ಸ್ವಾತಂತ್ರ್ಯವು ತಾನೇ ನಿಯಮವಾಯಿತು. ಟೋಲ್ಕಿನನ ಕಥೆಗಳಿಂದ ಹೆಸರಾದ ‘ಓರ್ಕ್’ ಎಂಬ ರಾಕ್ಷಸಜಾತಿಗೆ ಹಸುರು ಮೈಬಣ್ಣವು ಈ ಆಟದ ಬೊಂಬೆಗಳಲ್ಲಿ ಸ್ಥಿರವಾಯಿತು. ಈಗ ಹಸುರಲ್ಲದ ಓರ್ಕನನ್ನು ಕಂಡರೆ ಆಟಗಾರರು ಕಾರಣ ಕೇಳುವರು. ಕಲ್ಪನೆಯೂ ಲಕ್ಷಣವನ್ನು ಬೇಡುತ್ತದೆಂಬುದಕ್ಕೆ ಇದು ನಿದರ್ಶನ.

೩

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಯುದ್ಧವನ್ನು ಹಲಗೆಯ ಮೇಲಿಳಿಸಿ ಆಡುವ ಚದುರಂಗವು ಭಾರತದ್ದೆಂಬುದು ಸರ್ವವಿದಿತ. ಆನೆ, ಕುದುರೆ, ರಥ, ಪದಾತಿಗಳೆಂಬ ನಾಲ್ಕು ಅಂಗಗಳಿಂದಲೇ ಅದಕ್ಕೆ ಆ ಹೆಸರು ಬಂದಿತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು ೧೧೨೯ ರಿಂದ ೧೧೩೧ ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಚದುರಂಗದ ಕ್ರೀಡೆಯನ್ನೂ ಚಿತ್ರವಿದ್ಯೆಯನ್ನೂ ಒಂದೇ ಗ್ರಂಥದ ಬೇರೆ ಬೇರೆ ಭಾಗಗಳಲ್ಲಿ ವರ್ಣಿಸುತ್ತದೆ. ಎಮ್ಮೆಯ ತೊಗಲನ್ನು ಬೇಯಿಸಿ ಮಾಡುವ ವಜ್ರಲೇಪವೆಂಬ ಅಂಟು, ಕರುವಿನ ಕಿವಿಯ ಕೂದಲಿನಿಂದ ಕಟ್ಟುವ ಕುಂಚ, ಬಣ್ಣಗಳ ಮಿಶ್ರಣ, ಇವು ಅಲ್ಲಿ ಬರುತ್ತವೆ. ಗದಗು ಲಕ್ಕುಂಡಿಗಳು ಆ ಚಾಲುಕ್ಯರ ಕಲೆಯ ನೆಲೆಗಳಾಗಿದ್ದವೆಂಬುದನ್ನು ಇಲ್ಲಿ ನೆನೆಯಬೇಕು. ಆದರೆ ಚದುರಂಗದ ಕಾಯಿಗಳಿಗೆ ಬಣ್ಣ ಕೊಡುವ ವಿಚಾರವನ್ನು ಈ ಎರಡು ಪ್ರಕರಣಗಳ ಸಾಮೀಪ್ಯದಿಂದ ಊಹಿಸತಕ್ಕದ್ದಲ್ಲ. ಗ್ರಂಥವು ಆಟವನ್ನು ಬೇರೆಯಾಗಿಯೂ ಚಿತ್ರವನ್ನು ಬೇರೆಯಾಗಿಯೂ ಹೇಳುತ್ತದೆ. ಸೇರಿಸುವುದು ನಮ್ಮ ಆಸೆ.

ಯುದ್ಧರಂಗದಲ್ಲಿ ಅಮಾನುಷ ರೂಪಗಳನ್ನು ನಿಲ್ಲಿಸುವುದೂ ನಮ್ಮ ಕವಿಗಳಿಗೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿ, ಅಲ್ಲಿ ಮರುಳುಗಳಿಂದ ಅವನನ್ನು ಅಣಕಿಸಿದ್ದಾನೆ. ವೀರರಸದ ಮಗ್ಗುಲಲ್ಲಿಯೇ ಭಯಾನಕ ಬೀಭತ್ಸಗಳನ್ನು ಇಡದೆ ರಣವು ಪೂರ್ಣವಾಗದೆಂಬುದು ಕವಿಗೆ ಗೊತ್ತಿತ್ತು. ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸನ ಭಾರತವನ್ನು ಪಾಠ ಹೇಳುವ ಅಧ್ಯಾಪಕರಿಗೆ ಈ ರಸಮಿಶ್ರಣವನ್ನು ವಿವರಿಸುವ ಅಗತ್ಯವಿಲ್ಲ.

ಆಟದ ಮೇಜಿಗೆ ನಿಜವಾಗಿಯೂ ಸಮೀಪವಾದ ನಮ್ಮ ವಸ್ತುವೆಂದರೆ ಗಂಜೀಫಾ ಎಲೆಗಳು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪–೧೮೬೮) ಆಸ್ಥಾನದಲ್ಲಿ ಈ ಆಟವು ಹಲವು ಬಗೆಯಾಗಿ ಬೆಳೆಯಿತು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಇಂಥ ಕ್ರೀಡೆಗಳಿಗೆ ಮೀಸಲಾಗಿದೆ. ದಶಾವತಾರ ಗಂಜೀಫಾದಲ್ಲಿ ಹತ್ತು ಪಂಗಡಗಳು, ಪಂಗಡಕ್ಕೆ ಹನ್ನೆರಡರಂತೆ ೧೨೦ ಎಲೆಗಳು. ಹಿರಣ್ಯಕಶಿಪುವಿನ ಕರುಳು ಬಗೆಯುವ ನರಸಿಂಹನಂಥ ಉಗ್ರರೂಪವನ್ನು ಅಂಗೈಯೊಳಗೆ ಅಡಗುವ ದುಂಡನೆಯ ಎಲೆಯಲ್ಲಿ ಬರೆಯಬೇಕಾದ ಕೆಲಸವು ಚಿತ್ರಗಾರನದು. ಎಲೆಯ ನೆಲಬಣ್ಣವೇ ಪಂಗಡವನ್ನು ಹೇಳುತ್ತದೆ. ಆಟಗಾರನು ಕೈಯಲ್ಲಿ ಹರಡಿದ ಎಲೆಗಳನ್ನು ಒಂದು ನೋಟದಲ್ಲಿ ಗುರುತಿಸಬೇಕಾದುದರಿಂದ, ಬಣ್ಣವು ಇಲ್ಲಿ ಅಲಂಕಾರವಲ್ಲ, ಅಕ್ಷರ. ಈ ಮಾತು ಮುಂದೆ ಉಪಯೋಗಕ್ಕೆ ಬರುವುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಜನಸಾಮಾನ್ಯರಲ್ಲಿಯೂ ಕಿರುಬೊಂಬೆಗೆ ಕೊರತೆಯಿಲ್ಲ. ಬೆಳಗಾವಿಯಲ್ಲಿ ದೀಪಾವಳಿಗೆ ಮಕ್ಕಳು ಮಣ್ಣು ಕಲ್ಲುಗಳಿಂದ ಕೋಟೆ ಕಟ್ಟಿ, ಬಣ್ಣದ ಮಾವಳೆ ಸಿಪಾಯಿಗಳನ್ನು ಬುರುಜುಗಳ ಮೇಲೆ ನಿಲ್ಲಿಸುವ ಪದ್ಧತಿಯು ಇಂದಿಗೂ ಇದೆ. ಭಾದ್ರಪದದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬುಟ್ಟಿಯಲ್ಲಿ ಹೊತ್ತು ತರುವ ಜೋಕುಮಾರನ ಮಣ್ಣಿನ ಮೂರ್ತಿಯನ್ನು ನೋಡಿದವರು ಅದರ ಅಗಲವಾದ ಕಣ್ಣುಗಳನ್ನು ಮರೆಯಲಾರರು. ಮಳೆ ಬೆಳೆಗಳ ಈ ದೇವನು ಮಗುವೂ ಹೌದು, ಅಂಜಿಕೆಯ ರೂಪವೂ ಹೌದು. ಆ ಅಂಜಿಕೆಯೆಲ್ಲವೂ ಕಣ್ಣಿನಲ್ಲಿದೆ.

೪

ಹಾಗಾದರೆ ಮೇಲೆ ಹೇಳಿದ ತೊಡಕು ಯಾವುದು? ಬೊಂಬೆಯನ್ನು ಕುಗ್ಗಿಸಬಹುದು, ಬೆಳಕನ್ನು ಕುಗ್ಗಿಸಲಾಗದು. ಪಾಶ್ಚಾತ್ಯ ಕ್ರೀಡೆಯಲ್ಲಿ ಈಗ ಹೆಚ್ಚಾಗಿ ಬಳಕೆಯಲ್ಲಿರುವ ಪ್ರಮಾಣವು ಸುಮಾರು ೨೮ ಮಿಲಿಮೀಟರು. ಐದೂವರೆ ಅಡಿಯ, ಅಂದರೆ ಸುಮಾರು ೧೬೮೦ ಮಿಲಿಮೀಟರಿನ ಮನುಷ್ಯನು ಇದರಲ್ಲಿ ಅರವತ್ತರಲ್ಲೊಂದು ಪಾಲಾಗುತ್ತಾನೆ. ಮೇಜಿನ ಮೇಲಿನ ಇಂಥ ಬೊಂಬೆಯನ್ನು ೬೦ ಸೆಂಟಿಮೀಟರು ದೂರದಿಂದ ನೋಡುವವನು, ಕಣ್ಣಿನ ಲೆಕ್ಕದಲ್ಲಿ, ನಿಜವಾದ ಮನುಷ್ಯನನ್ನು ೩೬ ಮೀಟರು ದೂರದಿಂದ ನೋಡಿದಂತೆಯೇ ಸರಿ. ಅಷ್ಟು ದೂರದಲ್ಲಿ ಮುಖದ ಭಾವವು ಕಾಣಿಸುವುದು ಕಷ್ಟ. ಅದಲ್ಲದೆ ಮೂಗಿನ ಕೆಳಗೆ, ಹುಬ್ಬಿನ ಕೆಳಗೆ, ಬಟ್ಟೆಯ ಮಡಿಕೆಗಳಲ್ಲಿ ಬೀಳತಕ್ಕ ನೆರಳು ಈ ಕಿರಿದಾದ ಮೈಯಲ್ಲಿ ಕೂದಲೆಳೆಯಷ್ಟು ಮಾತ್ರ ಬೀಳುತ್ತದೆ. ಕೋಣೆಯ ದೀಪವು ಅದನ್ನೂ ತೊಳೆದುಬಿಡುತ್ತದೆ. ಒಂದೇ ಬಣ್ಣವನ್ನು ಬಳಿದು ಬಿಟ್ಟರೆ ರಾಕ್ಷಸನೂ ಮಣ್ಣಿನ ಹೆಂಟೆಯಂತೆ ಕಾಣುವನು.

ಪಾಶ್ಚಾತ್ಯರ ಉತ್ತರವು ಹೀಗಿದೆ. ಬೊಂಬೆಯ ಅಚ್ಚಿನ ಗೆರೆಗಳನ್ನು ಅರದಿಂದ ಉಜ್ಜಿ, ತೊಳೆದು, ಕಪ್ಪು ಇಲ್ಲವೆ ಬಿಳಿಯ ಅಸ್ತರವನ್ನು ಕೊಡುತ್ತಾರೆ. ಅದರ ಮೇಲೆ ಆಯಾ ಭಾಗದ ಮೂಲಬಣ್ಣ. ಅದು ಆರಿದ ಮೇಲೆ ನೀರಿನಂತೆ ತೆಳುವಾದ ಕಡುಬಣ್ಣವನ್ನು ಹರಿಯಗೊಡುತ್ತಾರೆ. ಅದು ತಗ್ಗುಗಳಿಗೆ ಇಳಿದು ನಿಂತು ನೆರಳಾಗುತ್ತದೆ. ಬಳಿಕ ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ, ಹೆಚ್ಚುಕಡಿಮೆ ಒಣಗಿದ ಕುಂಚದಿಂದ ಮೇಲ್ಮೈಯನ್ನು ಸವರುತ್ತಾರೆ. ಉಬ್ಬಿದ ಅಂಚುಗಳಷ್ಟೇ ಆ ತಿಳಿಬಣ್ಣವನ್ನು ಹಿಡಿದು ಬೆಳಕಾಗುತ್ತವೆ. ಸೂಕ್ಷ್ಮವಾದ ಕೆಲಸದಲ್ಲಿ ಒಂದರ ಮೇಲೊಂದು ತೆಳುಪದರಗಳಿಂದ ಬಣ್ಣವನ್ನು ಮೆಲ್ಲಗೆ ತಿಳಿಗೊಳಿಸುತ್ತ ಹೋಗುತ್ತಾರೆ. ಕುಂಚವು ಹೊರಗಿನ ಕೆಲಸವನ್ನು ಕೆಡಿಸದಿರಲೆಂದು ಒಳಗಿನ ಭಾಗಗಳನ್ನು ಮೊದಲು, ಹೊರಗಿನವನ್ನು ಆಮೇಲೆ ಮಾಡುವುದು ವಾಡಿಕೆ. ಆದುದರಿಂದ ಕಣ್ಣನ್ನು ಮುಖದ ಕೆಲಸದ ಆರಂಭದಲ್ಲಿಯೇ ಬರೆಯುವವರು ಬಹಳ ಮಂದಿ. ಕಡೆಗೆ ವಾರ್ನಿಷು. ಒಟ್ಟಿನಲ್ಲಿ, ಪ್ರಕೃತಿಯು ಕಿರುಬೊಂಬೆಗೆ ಕೊಡದ ನೆರಳು ಬೆಳಕುಗಳನ್ನು ಬಣ್ಣಗಾರನು ತಾನೇ ಬರೆದುಕೊಡುತ್ತಾನೆ. ಭಯಾನಕ ರೂಪಗಳಲ್ಲಿ ಇದು ಇನ್ನಷ್ಟು ತೀವ್ರವಾಗುತ್ತದೆ: ಬೊಂಬೆಯ ಕೈಯಲ್ಲಿರುವ ಪಂಜಿನ ಬೆಳಕು ಕೆಳಗಿನಿಂದ ಮುಖಕ್ಕೆ ತಾಗಿದಂತೆ ಕಿತ್ತಳೆಬಣ್ಣವನ್ನು ಹಚ್ಚಿ, ನಿಜವಾಗಿ ಇಲ್ಲದ ಬೆಳಕನ್ನು ಇರುವಂತೆ ತೋರಿಸುವ ಚಮತ್ಕಾರವೂ ಅವರಲ್ಲಿದೆ.

೫

ಈಗ ಗದಗಿನಿಂದ ಪೂರ್ವಕ್ಕೆ ಕೊಪ್ಪಳ ಜಿಲ್ಲೆಯ ಕಿನ್ನಾಳಕ್ಕೆ ಹೋಗೋಣ. ಅಲ್ಲಿಯ ಚಿತ್ರಗಾರ ಮನೆತನಗಳು ಮರದ ಬೊಂಬೆ, ವಾಹನ, ಮೂರ್ತಿಗಳನ್ನು ಮಾಡುತ್ತವೆ. ಅವರ ಹಿಂದಿನವರು ವಿಜಯನಗರದ ಕಾಲದಲ್ಲಿ ಹಂಪೆಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದರೆಂಬುದು ಅಲ್ಲಿಯ ಪ್ರತೀತಿ. ಕಿನ್ನಾಳದ ಬೊಂಬೆಗಳಿಗೆ ಈಗ ಭೌಗೋಳಿಕ ಸೂಚಕದ ರಕ್ಷಣೆಯೂ ದೊರೆತಿದೆ.

ಅವರ ಕ್ರಮವು ಹೀಗೆ. ಹಗುರವಾದ ಮರವನ್ನು ಕೆತ್ತಿ, ಬೇರೆ ಬೇರೆಯಾಗಿ ಮಾಡಿದ ಅಂಗಗಳನ್ನು ಜೋಡಿಸುತ್ತಾರೆ. ಗೋಣಿತಟ್ಟಿನ ಚಿಂದಿಯನ್ನು ನೆನೆಯಿಟ್ಟು, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟಿನೊಡನೆಯೂ ಹುಣಸೆಬೀಜದ ಸರಿಯೊಡನೆಯೂ ಕಲೆಸಿದರೆ ಕಿಟ್ಟವಾಗುತ್ತದೆ. ಅದರಿಂದ ಸಂದುಗಳನ್ನು ತುಂಬಿ ಮೈಯನ್ನು ತಿದ್ದುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ತುಣುಕುಗಳನ್ನು ಅದೇ ಸರಿಯಿಂದ ಅಂಟಿಸಿ, ಕಲ್ಲಿನ ನುಣುಪುಪುಡಿಯನ್ನು ಅಂಟಿನಲ್ಲಿ ಕಲೆಸಿದ ಲೇಪವನ್ನು ಬಳಿಯುತ್ತಾರೆ. ಇದೇ ಬಣ್ಣಕ್ಕೆ ನೆಲ. ಅಂಥದೇ ಲೇಪವನ್ನು ಗಟ್ಟಿಯಾಗಿ ತೆಗೆದುಕೊಂಡು ಹಾರ, ಕಿರೀಟ, ಭುಜಕೀರ್ತಿಗಳನ್ನು ಉಬ್ಬಾಗಿ ಎಬ್ಬಿಸುತ್ತಾರೆ. ಆ ಉಬ್ಬುಗಳ ಮೇಲೆ ತವರವನ್ನು ನುಣ್ಣಗೆ ಮಾಡಿ ಅಂಟಿನೊಡನೆ ಕೂಡಿಸಿದ ಹೊಳಪು ಏರುತ್ತದೆ. ಇದಕ್ಕೆ ಲಾಜವರದ ಕೆಲಸವೆಂದು ಹೆಸರು. ಉಳಿದ ಮೈಗೆ ಕೆಂಪು, ಹಳದಿ, ಹಸುರು, ನೀಲಿಗಳು ಮಿಶ್ರವಿಲ್ಲದೆ ನೇರವಾಗಿ ಬೀಳುತ್ತವೆ. ಕೊನೆಗೆ ಹುಬ್ಬು, ಮೀಸೆ, ಕಣ್ಣುಗಳ ಗೆರೆ.

ಎರಡೂ ಕ್ರಮಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ಸಾಮ್ಯವು ವಿಸ್ಮಯಕರವಾಗಿದೆ. ಜೋಡಣೆ, ಸಂದು ತುಂಬುವುದು, ಅಸ್ತರ, ಮೂಲಬಣ್ಣ, ಲೋಹದ ಹೊಳಪು, ಗೆರೆ ಎಂಬ ಮೆಟ್ಟಿಲುಗಳು ಎರಡು ಕಡೆಗೂ ಒಂದೇ. ಆದರೆ ಇದರಿಂದ ಕೊಡುಕೊಳ್ಳುವಿಕೆಯನ್ನು ಸಾಧಿಸಲು ಹೋಗಬಾರದು. ಕಿನ್ನಾಳದ ಕಿಟ್ಟವೂ ಪ್ಲಾಸ್ಟಿಕ್ ಬೊಂಬೆಗೆ ತುಂಬುವ ಅಂಟೂ ಒಂದೇ ಅಗತ್ಯದಿಂದ ಹುಟ್ಟಿದವು. ತುಂಡುಗಳಿಂದ ಕೂಡಿಸಿದ ಬೊಂಬೆಗೆ ಎಲ್ಲಿಯೇ ಆಗಲಿ ಸಂದು ಇದ್ದೇ ಇರುತ್ತದೆ. ಸಾಮ್ಯವು ಕೆಲಸದ ಸ್ವಭಾವದಿಂದ ಬಂದುದು, ವಂಶದಿಂದ ಬಂದುದಲ್ಲ.

ಭೇದವಿರುವುದು ಒಂದೇ ಕಡೆ, ಅದೇ ಮುಖ್ಯವಾದುದು. ಕಡುಬಣ್ಣವನ್ನು ತಗ್ಗಿಗಿಳಿಸಿ ನೆರಳು ಮಾಡುವ ಮೆಟ್ಟಿಲು ಕಿನ್ನಾಳದಲ್ಲಿಲ್ಲ. ಅದರ ಸ್ಥಾನದಲ್ಲಿ ಎರಡು ಉಪಾಯಗಳಿವೆ: ಕಾಣಬೇಕಾದುದನ್ನು ನಿಜವಾಗಿಯೇ ಉಬ್ಬಿಸುವುದು, ಕಾಣಬೇಕಾದ ಅಂಚನ್ನು ಗೆರೆಯಿಂದ ಕಟ್ಟುವುದು.

೬

ಇಲ್ಲಿಯೇ ಆಕ್ಷೇಪವು ಬರುತ್ತದೆ. ನೆರಳು ಬೆಳಕಿನ ಜ್ಞಾನವು ನಮ್ಮ ಬೊಂಬೆಗಾರರಿಗೆ ಇರಲಿಲ್ಲ, ಆದಕಾರಣವೇ ಅವರ ಬಣ್ಣವು ಚಪ್ಪಟೆಯಾಗಿ ಬಿದ್ದಿದೆ, ಎಂದು ಪಾಶ್ಚಾತ್ಯ ಚಿತ್ರಕಲೆಯ ಅಭ್ಯಾಸದಿಂದ ಕಣ್ಣು ತಿದ್ದಿಕೊಂಡವರು ಹೇಳಬಹುದು. ಈ ಆಕ್ಷೇಪಕ್ಕೆ ಗ್ರಂಥಾಧಾರವೇ ಉತ್ತರ ಕೊಡುತ್ತದೆ. ‘ವಿಷ್ಣುಧರ್ಮೋತ್ತರ’ದ ಚಿತ್ರಸೂತ್ರವು ವರ್ತನೆ ಎಂಬ ಹೆಸರಿನಿಂದ ಛಾಯೆಯ ವಿದ್ಯೆಯನ್ನು ಹೇಳಿ, ಅದರಲ್ಲಿ ಮೂರು ಪ್ರಭೇದಗಳನ್ನು ಎಣಿಸಿದೆ. ಅಲ್ಲದೆ ಆಚಾರ್ಯರು ರೇಖೆಯನ್ನೂ, ವಿಚಕ್ಷಣರು ವರ್ತನೆಯನ್ನೂ, ಸ್ತ್ರೀಯರು ಆಭರಣವನ್ನೂ, ಉಳಿದ ಜನರು ಬಣ್ಣದ ಸಮೃದ್ಧಿಯನ್ನೂ ಮೆಚ್ಚುವರೆಂಬ ಅಭಿಪ್ರಾಯವೂ ಅಲ್ಲಿದೆ. ಅಜಂತೆಯ ಭಿತ್ತಿಗಳಲ್ಲಿ ವರ್ತನೆಯು ಕಣ್ಣಿಗೆ ಕಾಣುವಂತೆಯೇ ಇದೆ. ಆದುದರಿಂದ ನೆರಳಿನ ವಿದ್ಯೆಯು ಈ ದೇಶಕ್ಕೆ ಗೊತ್ತಿತ್ತು. ಬೊಂಬೆಯ ಮೇಲೆ ಅದನ್ನು ಬಳಸಲಿಲ್ಲವೆಂದರೆ ಬೇರೆ ಕಾರಣವಿರಬೇಕು.

ಆ ಕಾರಣವು ನಮ್ಮ ಅಭಿಪ್ರಾಯದಲ್ಲಿ ಬಣ್ಣದ ಅರ್ಥದಲ್ಲಿದೆ. ಭರತನ ನಾಟ್ಯಶಾಸ್ತ್ರವು ಒಂದೊಂದು ರಸಕ್ಕೂ ಒಂದೊಂದು ವರ್ಣವನ್ನು ವಿಧಿಸಿದೆ: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬಣ್ಣ, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲ, ಅದ್ಭುತಕ್ಕೆ ಹಳದಿ. ಪ್ರತಿಯೊಬ್ಬ ಚಿತ್ರಗಾರನೂ ಈ ಪಟ್ಟಿಯನ್ನು ಅಕ್ಷರಶಃ ನಡೆಸಿದನೆಂದು ಹೇಳುವಂತಿಲ್ಲ. ದೇವತಾಮೂರ್ತಿಗಳಿಗೆ ಧ್ಯಾನಶ್ಲೋಕಗಳ ವರ್ಣಗಳೇ ಪ್ರಮಾಣ. ಆದರೆ ಬಣ್ಣವು ಒಂದು ಹೆಸರು, ಅದನ್ನು ನೋಡಿದ ಕೂಡಲೆ ರೂಪದ ಸ್ವಭಾವವು ತಿಳಿಯಬೇಕು ಎಂಬ ತತ್ತ್ವವು ಎರಡರಲ್ಲಿಯೂ ಒಂದೇ. ಗಂಜೀಫಾದ ಎಲೆಯಲ್ಲಿ ನೆಲಬಣ್ಣವು ಅಕ್ಷರವಾದಂತೆ ಮೂರ್ತಿಯಲ್ಲಿ ಮೈಬಣ್ಣವೂ ಅಕ್ಷರವೇ. ಕೆಂಪಿನ ತಗ್ಗುಗಳಿಗೆ ಕಪ್ಪನ್ನು ಹರಿಯಬಿಟ್ಟರೆ ಆಕಾರವು ಸ್ಫುಟವಾಗುವುದು ನಿಜ. ಆದರೆ ಕೆಂಪು ಕೆಂಪಾಗಿ ಉಳಿಯದು, ರೌದ್ರವು ಭಯಾನಕಕ್ಕೆ ಸರಿಯುವುದು. ಅಕ್ಷರದ ಮೇಲೆ ಮಸಿ ಚೆಲ್ಲಿದಂತಾಯಿತು. ಆದಕಾರಣ ಆಕಾರವನ್ನು ತೋರಿಸುವ ಹೊರೆಯನ್ನು ಬಣ್ಣದಿಂದ ಇಳಿಸಿ, ರೇಖೆಗೂ ಉಬ್ಬಿಗೂ ಹೊರಿಸಿದರು.

ಪಾಶ್ಚಾತ್ಯ ಕ್ರೀಡೆಯಲ್ಲಿ ಸ್ಥಿತಿಯು ಬೇರೆ. ಅಲ್ಲಿ ಬಣ್ಣವು ಸೈನಿಕನ ದಳವನ್ನು ಹೇಳುತ್ತದೆ, ರಸವನ್ನು ಹೇಳುವುದಿಲ್ಲ. ಕೆಂಪಂಗಿಯವನು ಕೆಂಪುದಳದವನು, ಅವನ ಅಂಗಿಯ ಮಡಿಕೆಗಳಲ್ಲಿ ಕಪ್ಪು ಇಳಿದರೂ ದಳವು ಬದಲಾಗದು. ಆದುದರಿಂದ ಅವರಿಗೆ ನೆರಳು ನಿರಪಾಯವಾದುದು.

ಇದಕ್ಕೆ ಇನ್ನೊಂದು ಸಾಕ್ಷಿಯನ್ನು ಯಕ್ಷಗಾನದಿಂದ ತರಬಹುದು. ತೆಂಕುತಿಟ್ಟಿನ ಬಣ್ಣದ ವೇಷದಲ್ಲಿ ರಾಕ್ಷಸನ ಮುಖಕ್ಕೆ ಅಕ್ಕಿಹಿಟ್ಟು ಸುಣ್ಣಗಳ ಸರಿಯಿಂದ ಚುಟ್ಟಿಗಳನ್ನು ಇಡುತ್ತಾರೆ. ಮುಖದ ಮೇಲೆ ಮುಳ್ಳುಗಳಂತೆ ಅವು ಎದ್ದು ನಿಲ್ಲುತ್ತವೆ. ರಾತ್ರಿ ದೀವಟಿಗೆಯ ಬೆಳಕಿನಲ್ಲಿ, ಬಯಲಿನ ಅಂಚಿನಲ್ಲಿ ಕುಳಿತ ಪ್ರೇಕ್ಷಕನಿಗೆ ಆ ಮುಖವು ಎಷ್ಟು ದೊಡ್ಡದಾಗಿ ಕಾಣುವುದು? ಮೇಲೆ ಹೇಳಿದ ೩೬ ಮೀಟರಿನ ಲೆಕ್ಕವನ್ನು ಇಲ್ಲಿಗೂ ಅನ್ವಯಿಸಿದರೆ, ದೂರದ ಪ್ರೇಕ್ಷಕನ ಕಣ್ಣಿಗೆ ವೇಷಧಾರಿಯೂ ಮೇಜಿನ ಮೇಲಿನ ೨೮ ಮಿಲಿಮೀಟರಿನ ಬೊಂಬೆಯೂ ಒಂದೇ ಅಳತೆ. ಆ ಅಳತೆಯಲ್ಲಿ ಭಯವನ್ನು ಹುಟ್ಟಿಸಬೇಕಾದಾಗ ನಮ್ಮವರು ಶುದ್ಧವಾದ ಬಣ್ಣ, ದಪ್ಪವಾದ ಗೆರೆ, ಎದ್ದು ನಿಂತ ಉಬ್ಬು ಎಂಬ ಮೂರನ್ನೇ ಆರಿಸಿಕೊಂಡರು. ಮರದ ಬೊಂಬೆಯಲ್ಲಿಯೂ ಮನುಷ್ಯನ ಮುಖದಲ್ಲಿಯೂ ಒಂದೇ ಉಪಾಯವು ಕಾಣುವಾಗ ಅದನ್ನು ಅಜ್ಞಾನವೆನ್ನುವುದು ಯುಕ್ತವಲ್ಲ.

ಕಣ್ಣಿನ ವಿಷಯದಲ್ಲಿಯೂ ಇದೇ ಭೇದ. ಒಳಗಿನಿಂದ ಹೊರಕ್ಕೆ ಕೆಲಸ ಮಾಡುವ ಸೌಕರ್ಯಕ್ಕಾಗಿ ಪಾಶ್ಚಾತ್ಯರು ಕಣ್ಣನ್ನು ಮುಂಚೆ ಬರೆಯುವರು. ನಮ್ಮಲ್ಲಿ ನೇತ್ರೋನ್ಮೀಲನವು ಕಟ್ಟಕಡೆಯ ಸಂಸ್ಕಾರ. ಕಣ್ಣು ತೆರೆಯುವ ತನಕ ಅದು ಮರ; ತೆರೆದ ಮೇಲೆ ಮೂರ್ತಿ. ಗ್ರಾಮದೇವತೆಯ ಮರದ ಮೂರ್ತಿಗೆ ಜಾತ್ರೆಗೆ ಮುನ್ನ ಮರಳಿ ಬಣ್ಣ ಕೊಡಿಸುವ ನಮ್ಮ ಹಳ್ಳಿಗಳಲ್ಲಿ ಆ ಕಣ್ಣಿನ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಟದ ಬೊಂಬೆಯನ್ನೂ ಪೂಜೆಯ ಮೂರ್ತಿಯನ್ನೂ ಒಂದೇ ಎಂದು ನಾವು ಹೇಳುತ್ತಿಲ್ಲ. ಪ್ರಯೋಜನವು ಬೇರೆಯಾದರೆ ಕೆಲಸದ ಕ್ರಮವೂ ಬೇರೆಯಾಗುವುದೆಂಬುದನ್ನು ಮಾತ್ರ ತೋರಿಸಿದ್ದೇವೆ.

೭

ಕಡೆಯದಾಗಿ ಸೊರಟೂರಿಗೆ ಮರಳೋಣ. ಈ ಕಾಳಗವನ್ನು ಮೇಜಿನ ಮೇಲೆ ನಿಲ್ಲಿಸಲು ಯಾರಾದರೂ ಮನಸ್ಸು ಮಾಡಿದರೆಂದು ಇಟ್ಟುಕೊಳ್ಳೋಣ. ಒಂದು ಬೊಂಬೆಯು ನೂರು ಜನರಿಗೆ ಪ್ರತಿನಿಧಿಯಾದರೆ, ಶಾಸನದ ಲೆಕ್ಕದಂತೆ ಸೇವುಣ ಪಕ್ಷಕ್ಕೇ ೨,೦೦೦ ಕಾಲಾಳು, ೧೨೦ ಕುದುರೆ ಬೇಕು. ಬೊಂಬೆಗೆ ಒಂದು ಗಂಟೆಯಂತೆ ದಿನಕ್ಕೆ ನಾಲ್ಕು ಗಂಟೆ ಬಣ್ಣ ಹಚ್ಚಿದರೆ ೫೩೦ ದಿನಗಳ ಕೆಲಸ. ನಾವು ಓದಿ ಮುಗಿಸುವ ಸಂಖ್ಯೆಯ ಭಾರವು ಕುಂಚವನ್ನು ಹಿಡಿದವನಿಗೆ ಮಾತ್ರ ತಿಳಿಯುವುದು. ಪ್ರಶಸ್ತಿಯ ಸಂಖ್ಯೆಗಳು ಸೈನ್ಯದ ಲೆಕ್ಕಪತ್ರವಲ್ಲ, ರಾಜನ ಕೀರ್ತಿಯ ಅಳತೆ ಎಂಬ ವಿಮರ್ಶೆಯನ್ನು ಇದಕ್ಕಿಂತ ಸುಲಭವ���ಗಿ ವಿದ್ಯಾರ್ಥಿಗಳ ಮನಸ್ಸಿಗೆ ತರುವ ಉಪಾಯವು ಕಡಮೆ.

ಆದರೆ ಅವರಿಗೆ ಯಾವ ಬಣ್ಣ ಕೊಡಬೇಕು? ವೀರಗಲ್ಲುಗಳು ಕತ್ತಿ, ಗುರಾಣಿ, ಬಿಲ್ಲು, ತುರುಬು, ಕಚ್ಚೆಗಳ ಆಕಾರವನ್ನು ಕಾಪಾಡಿವೆ. ಬಣ್ಣವನ್ನು ಕಲ್ಲು ಕಾಪಾಡದು. ಹೊಯ್ಸಳರ ಲಾಂಛನವು ಹುಲಿಯನ್ನು ಇರಿಯುವ ಸಳ, ಸೇವುಣರದು ಗರುಡ ಎಂಬುದರಿಂದ ಧ್ವಜದ ಚಿಹ್ನೆಗೆ ಆಧಾರವುಂಟು. ಪದಾತಿಯ ಧೋತ್ರದ ಬಣ್ಣಕ್ಕೆ ಅಂಥ ಆಧಾರವಿಲ್ಲ. ರಾಕ್ಷಸನಿಗೆ ಬಣ್ಣ ಕೊಡುವವನಿಗೆ ಲಕ್ಷಣವೇ ಪ್ರಮಾಣ. ಇತಿಹಾಸದ ಸೈನಿಕನಿಗೆ ಬಣ್ಣ ಕೊಡುವವನಿಗೆ ಸಾಕ್ಷ್ಯವೇ ಪ್ರಮಾಣ. ಮೊದಲನೆಯವನ ಸ್ವಾತಂತ್ರ್ಯವನ್ನು ಎರಡನೆಯವನು ತೆಗೆದುಕೊಂಡರೆ ಬೊಂಬೆಯು ಸುಂದರವಾಗಬಹುದು, ಇತಿಹಾಸವು ಮಾತ್ರ ಕೆಡುವುದು. ಬೆಳಗಾವಿಯ ಮಕ್ಕಳ ಮಣ್ಣುಕೋಟೆಗೆ ಈ ಕಟ್ಟಳೆ ಬೇಡ. ವಸ್ತುಸಂಗ್ರಹಾಲಯಕ್ಕೂ ಪಾಠಶಾಲೆಗೂ ಬೇಕು.

ಇಷ್ಟನ್ನು ಹೇಳಿದುದರ ಫಲವು ಒಂದು ಪ್ರಾರ್ಥನೆಯಲ್ಲಿ ಮುಗಿಯುತ್ತದೆ. ಪಾಶ್ಚಾತ್ಯ ಹವ್ಯಾಸಿಗಳು ತಮ್ಮ ವಿದ್ಯೆಯ ಒಂದೊಂದು ಮೆಟ್ಟಿಲನ್ನೂ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದಾರೆ. ಕಿನ್ನಾಳದ ವಿದ್ಯೆಯು ಹೆಚ್ಚಾಗಿ ಕೈಯಿಂದ ಕೈಗೆ, ತಂದೆಯಿಂದ ಮಗನಿಗೆ ಬಂದುದು. ಅಂಗಡಿಯ ಸಿದ್ಧಬಣ್ಣದ ಡಬ್ಬಿಯು ಒಳಗೆ ಬಂದಲ್ಲಿ ಕಲ್ಲಿನ ಪುಡಿಯೂ ಹುಣಸೆಯ ಸರಿಯೂ ಹೊರಗೆ ಹೋಗುತ್ತವೆ. ಅವುಗಳೊಡನೆ ಕಿಟ್ಟ, ಲಾಜವರ ಮೊದಲಾದ ಮಾತುಗಳೂ ಹೋಗುತ್ತವೆ. ಭಾಷೆಯ ಅಭ್ಯಾಸಿಗಳಾದ ನಮಗೆ ಒಂದು ಕಸಬಿನ ಪದಕೋಶವು ಅಳಿಯುವುದೆಂದರೆ ಒಂದು ಹಳೆಯ ಓಲೆಗರಿಯ ಪ್ರತಿಯು ಗೆದ್ದಲಿಗೆ ಹೋದಷ್ಟೇ ನಷ್ಟ. ಆದಕಾರಣ ಕಿನ್ನಾಳದ ಚಿತ್ರಗಾರರ ಬಾಯಿಂದಲೇ ಉಪಕರಣಗಳ, ಲೇಪಗಳ, ಕುಂಚಗಳ, ಬಣ್ಣಗಳ ಹೆಸರುಗಳನ್ನೂ, ಯಾವ ರೂಪಕ್ಕೆ ಯಾವ ಬಣ್ಣ, ಏಕೆ ಎಂಬುದನ್ನೂ ಬರೆದುಕೊಳ್ಳುವ ಕೆಲಸವನ್ನು ಆ ಸೀಮೆಯ ಅಧ್ಯಾಪಕರು ಕೈಕೊಳ್ಳಬೇಕು. ಗದಗು, ಕೊಪ್ಪಳಗಳ ಕಾಲೇಜುಗಳಿಗೆ ಇದು ಒಂದು ಹಗಲಿನ ಪ್ರಯಾಣದ ಕೆಲಸ. ಹಾಗೆ ಬರೆದಿಟ್ಟ ಮೇಲೆ, ಪ್ಲಾಸ್ಟಿಕ್ ರಾಕ್ಷಸನಿಗೆ ಬಣ್ಣ ಹಚ್ಚುತ್ತಿರುವ ನಮ್ಮ ತರುಣನೊಬ್ಬನು ನೆರಳನ್ನು ಬಿಟ್ಟು ಗೆರೆಯನ್ನೂ ಉಬ್ಬನ್ನೂ ಒಮ್ಮೆ ಪ್ರಯೋಗಿಸಿ ನೋಡಿದರೆ, ಅವನ ಮೇಜಿನ ಮೇಲೆ ಓರ್ಕನ ಬದಲು ಬಣ್ಣದ ವೇಷದ ರಾಕ್ಷಸನು ಎದ್ದು ನಿಂತಾನು.